ದಾನದಲ್ಲಿ ಮೊದಲ ರ‍್ಯಾಂಕು ಬೇಕೇ? ಬಡವರಾಗಿರಿ!

ಅಮೆರಿಕದ 50 ರಾಜ್ಯಗಳಲ್ಲಿ ಮಿಸಿಸಿಪಿಯೇ ಬಡವ. ಆದರೆ ಔದಾರ್ಯದಲ್ಲಿ ಅದೇ ಮೊದಲು ಎಂಬ ಸುದ್ದಿ ಒಂದು ಕಾಲಕ್ಕೆ ಪ್ರತಿ ವರ್ಷವೂ ಬರುತ್ತಿತ್ತು. ಸಿರಿವಂತ ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಷೈರ್‌ಗಳಿಗೆ ತಳದ ಜಾಗ. ಉಳ್ಳವರ ಕೈ ಬಿಗಿ ಎಂಬ ನಮ್ಮೆಲ್ಲರ ಹಳೆಯ ಗುಮಾನಿಗೆ ಅಂಕಿಯ ಮುದ್ರೆ ಬಿದ್ದಂತಾಯಿತು. 'ಜನರಾಸಿಟಿ ಇಂಡೆಕ್ಸ್' ಎಂಬ ಈ ಪಟ್ಟಿಯನ್ನು 1997ರಿಂದ ಹೊರತರುತ್ತಿದ್ದದ್ದು ಮ್ಯಾಸಚೂಸೆಟ್ಸ್‌ನದೇ ಸಂಸ್ಥೆ, ಕ್ಯಾಟಲಾಗ್ ಫಾರ್ ಫಿಲಾಂತ್ರಪಿ.

ಲೆಕ್ಕ ಸರಳ. ಸರಾಸರಿ ಆದಾಯದಲ್ಲಿ ರಾಜ್ಯದ ಸ್ಥಾನದಿಂದ, ಸರಾಸರಿ ದಾನದಲ್ಲಿ ಅದರ ಸ್ಥಾನವನ್ನು ಕಳೆಯಿರಿ. ಉಳಿದದ್ದೇ ಔದಾರ್ಯ.

ಆದಾಯದಲ್ಲಿ 1ನೆಯದಾದ ಕನೆಕ್ಟಿಕಟ್ ದಾನದಲ್ಲೂ 1ನೆಯದಾಯಿತೆನ್ನಿ. ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಉಳಿದ 49 ರಾಜ್ಯಗಳು ಒಟ್ಟುಸೇರಿ ಕೊಡುವುದಕ್ಕಿಂತ ಹೆಚ್ಚು ಕೊಟ್ಟರೂ ಅದಕ್ಕೆ ಸೊನ್ನೆಯೇ ಗತಿ. ಆದಾಯದಲ್ಲಿ 50ನೆಯದಾದ ಮಿಸಿಸಿಪಿ ದಾನದಲ್ಲಿ 49ನೆಯದಾದರೂ 1 ಅಂಕ ಗಿಟ್ಟಿಸಿ ಕನೆಕ್ಟಿಕಟ್‌ಗಿಂತ ಮೇಲೆ ಕೂರುತ್ತದೆ!

ಇನ್ನೊಂದು ತಪ್ಪು ಇನ್ನೂ ಸ್ವಾರಸ್ಯದ್ದು. ಆದಾಯದ ಸರಾಸರಿಗೆ ತೆರಿಗೆ ರಿಟರ್ನ್ ಸಲ್ಲಿಸಿದ ಎಲ್ಲರೂ ಲೆಕ್ಕಕ್ಕಿದ್ದರು. ದಾನದ ಸರಾಸರಿಗೆ ಮಾತ್ರ, ವಿನಾಯಿತಿಗಾಗಿ ದಾನವನ್ನು ಬಿಡಿಬಿಡಿಯಾಗಿ ತೋರಿಸಿದವರಷ್ಟೇ. ಅಂಥವರು ಹೆಚ್ಚಾಗಿ ಉಳ್ಳವರು. ಹತ್ತು ಮನೆಯ ಊರೊಂದನ್ನು ನೆನೆಯಿರಿ: ಜಮೀನ್ದಾರನಿಗೆ 20 ಲಕ್ಷ ಆದಾಯ, ಮಿಕ್ಕ ಒಂಬತ್ತು ಮನೆಗೆ ಲಕ್ಷ ಲಕ್ಷ. ಜಮೀನ್ದಾರ 50,000 ಕೊಟ್ಟ. ಅಂದರೆ ಅವನ ಆದಾಯದ ಶೇ. 2.5. ಊರಿನ ಸರಾಸರಿ ಆದಾಯ 2.9 ಲಕ್ಷದ ಪಕ್ಕ ಆ 50,000 ಇಟ್ಟರೆ ಶೇ. 17! ಉಳಿದ ಒಂಬತ್ತು ಮನೆಯವರು ಎಷ್ಟು ಕೊಟ್ಟರೋ, ಕೇಳಿದವರಿಲ್ಲ. ಬಾಸ್ಟನ್ ಕಾಲೇಜಿನ ಸಂಶೋಧಕರು 2005ರಲ್ಲಿ ಲೆಕ್ಕ ತಿದ್ದಿದಾಗ ಮ್ಯಾಸಚೂಸೆಟ್ಸ್ ತಳದಿಂದ ಬಹಳ ಮೇಲೆದ್ದಿತು.

ಗಣಿತ ಸರಿಯಿದ್ದರೂ ಸಾಲದು. 'ಕ್ರಾನಿಕಲ್ ಆಫ್ ಫಿಲಾಂತ್ರಪಿ' ಪತ್ರಿಕೆ 2012ರಲ್ಲಿ, ಮನೆ-ಊಟದಂಥ ಅಗತ್ಯಗಳಿಗೆ ಖರ್ಚಾಗಿ ಉಳಿದ ಹಣದಲ್ಲಿ ದಾನದ ಪಾಲೆಷ್ಟು ಎಂದು ಅಳೆಯಿತು. ಯೂಟಾ ಶೇ. 10.6 ಕೊಟ್ಟು ಮೊದಲಾಯಿತು. ನ್ಯೂ ಹ್ಯಾಂಪ್‌ಷೈರ್ ಶೇ. 2.5. ಯೂಟಾ ಮಾರ್ಮನ್ ಪಂಥದವರ ನಾಡು. ಆದಾಯದ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡುವುದು ಅವರ ಧರ್ಮ. ಧಾರ್ಮಿಕ ದಾನ ಬಿಟ್ಟು ಎಣಿಸಿದರೆ 18ರಲ್ಲಿದ್ದ ನ್ಯೂಯಾರ್ಕ್ 2ಕ್ಕೆ, 40ರಲ್ಲಿದ್ದ ಪೆನ್ಸಿಲ್ವೇನಿಯ 4ಕ್ಕೆ ಜಿಗಿದವು. ಯಾರೂ ಒಂದು ಡಾಲರ್ ಹೆಚ್ಚು ಕೊಟ್ಟಿರಲಿಲ್ಲ.

ತೆರಿಗೆ ಬೇಡ, ಜನರನ್ನೇ ಕೇಳೋಣ ಎಂದರೆ? ಬ್ರಿಟನ್ನಿನ ಚಾರಿಟೀಸ್ ಏಡ್ ಫೌಂಡೇಷನ್ ವರ್ಷಗಳ ಕಾಲ ಮಾಡಿದ್ದು ಅದನ್ನೇ: ಕಳೆದ ತಿಂಗಳು ಅಪರಿಚಿತರಿಗೆ ನೆರವಾದಿರಾ, ದೇಣಿಗೆ ಕೊಟ್ಟಿರಾ, ಸೇವೆಗೆ ಸಮಯ ಕೊಟ್ಟಿರಾ? ಹತ್ತು ರೂಪಾಯಿಗೂ ಹತ್ತು ಕೋಟಿಗೂ ಒಂದೇ 'ಹೌದು'. ಈ ಉತ್ತರಗಳಿಂದ ಮಾಡಿದ ದೇಶಗಳ ಪಟ್ಟಿಯಲ್ಲಿ ಭಾರತ 2018ರಲ್ಲಿ 124ನೆಯದು, 2021ರಲ್ಲಿ 14ನೆಯದು. 2021ರ ಪಟ್ಟಿಯಲ್ಲಿದ್ದದ್ದೇ 114 ದೇಶ. 124 ಎಂಬ ಸ್ಥಾನವೇ ಅಲ್ಲಿರಲಿಲ್ಲ.

ಮತ್ತೆ ತೆರಿಗೆಗೇ ಬರೋಣ. ಅಮೆರಿಕದಲ್ಲಿ 2018ರಿಂದ ಎಲ್ಲರಿಗೂ ಸಿಗುವ ನಿಗದಿತ ವಿನಾಯಿತಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದನ್ನು ಬಿಟ್ಟು, ದಾನವೂ ಸೇರಿದಂತೆ ಖರ್ಚಿನ ಪಟ್ಟಿ ಕೊಡುವ ಕುಟುಂಬಗಳು ನೂರಕ್ಕೆ ಸುಮಾರು 30 ಇದ್ದದ್ದು 10ರ ಆಸುಪಾಸಿಗೆ ಇಳಿಯಿತು. ಉಳಿದವರು ಕೊಡುವುದು ಬಿಟ್ಟರೆಂದಲ್ಲ, ಕೊಟ್ಟದ್ದು ಕಡತಕ್ಕೆ ಬರುವುದು ನಿಂತಿತು.

ನಮ್ಮಲ್ಲೂ ಅದೇ ಆಗಿದೆ. 80ಜಿ ಎಂದು ಹೆಸರಾದ ದಾನದ ವಿನಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿಲ್ಲ. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳಲ್ಲಿ 5.27 ಕೋಟಿ ಹೊಸ ಪದ್ಧತಿಯವು. ನಾಳೆ ಯಾರಾದರೂ ತೆರಿಗೆಯ ಅಂಕಿ ಹಿಡಿದು ಕರ್ನಾಟಕ ಧಾರಾಳವೋ ಗುಜರಾತ್ ಧಾರಾಳವೋ ಎಂದು ಪಟ್ಟಿ ಹಾಕಿದರೆ, ರ‍್ಯಾಂಕು ನೋಡುವ ಮೊದಲು ಕೇಳಿ: ಆ 5.27 ಕೋಟಿ ಜನ ಕೊಟ್ಟದ್ದು ಎಲ್ಲಿ?