ಅಳೆದು ನೋಡದೆ ಸಾಧಿಸುವ ವಿದ್ಯೆ

ಮೈಸೂರು ರೈಲು ನಿಲ್ದಾಣಕ್ಕೆ ಹತ್ತಿರದ ಯಾದವಗಿರಿಯಲ್ಲಿ ರೈಲಿನ ಕೂಗು ಕೇಳದ ಮನೆ ಕಡಿಮೆ. ಒಂದೇ ಹಳಿಯ ಮೇಲೆ ಎರಡು ಗಾಡಿಗಳಿಗೆ ಒಮ್ಮೆಗೇ ದಾರಿ ಸಿಗಬಾರದು. ಪಾಯಿಂಟು ಸರಿಯಾಗಿ ಕೂತ ಮೇಲಷ್ಟೇ ಸಿಗ್ನಲ್ ಸಿಗಬೇಕು. ಇದನ್ನು ನೋಡಿಕೊಳ್ಳುವ ಏರ್ಪಾಟಿಗೆ ಇಂಟರ್‌ಲಾಕಿಂಗ್ ಎಂದು ಹೆಸರು. ಹಿಂದೆ ಇದು ಕೈಮರ, ಸನ್ನೆಗೋಲುಗಳ ಕೆಲಸ; ಈಗ ಅನೇಕ ನಿಲ್ದಾಣಗಳಲ್ಲಿ ಗಣಕಯಂತ್ರದ್ದು. ಆ ಗಣಕ ಎಂದೂ ತಪ್ಪುವುದಿಲ್ಲವೆಂದು ಭರವಸೆ ಕೊಡುವವರು ಯಾರು?

ಪರೀಕ್ಷಿಸಿ ನೋಡಿದರಾಯಿತು ಎನ್ನಬಹುದು. 32 ಬಿಟ್‌ಗಳ ಎರಡು ಸಂಖ್ಯೆಗಳನ್ನು ಗುಣಿಸುವ ವಿದ್ಯುನ್ಮಂಡಲವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ ನೂರು ಕೋಟಿಯಂತೆ ಎಲ್ಲ ಜೋಡಿಗಳನ್ನೂ ಪರೀಕ್ಷಿಸಲು ಸುಮಾರು 584 ವರ್ಷ ಬೇಕು! 1994ರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳಲ್ಲಿ ತಪ್ಪು ಉತ್ತರ ಕೊಡುತ್ತಿದ್ದುದು ಬಯಲಾಗಿ, ಕಂಪನಿ 47.5 ಕೋಟಿ ಡಾಲರ್ ಹೊರೆ ಹೊರಬೇಕಾಯಿತು.

ಎಸ್ಸೆಸ್ಸೆಲ್ಸಿ ರೇಖಾಗಣಿತ ಓದಿದವರಿಗೆ ಇನ್ನೊಂದು ದಾರಿ ಗೊತ್ತು. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎನ್ನಲು ಯಾರೂ ಲೋಕದ ತ್ರಿಭುಜಗಳನ್ನೆಲ್ಲ ಅಳೆಯುವುದಿಲ್ಲ. ದತ್ತ, ಸಾಧನೀಯ, ಸಾಧನೆ ಎಂದು ಬರೆದು ಮುಗಿಸುತ್ತಾರೆ. ಚಿಪ್‌ಗೂ ತಂತ್ರಾಂಶಕ್ಕೂ ಹೀಗೆಯೇ ಸಾಧನೆ ಬರೆಯುವ ಶಾಸ್ತ್ರವೇ ಫಾರ್ಮಲ್ ಮೆಥಡ್ಸ್. 1998ರಲ್ಲಿ ಪ್ಯಾರಿಸ್‌ನಲ್ಲಿ ಚಾಲಕರಿಲ್ಲದ 14ನೇ ಮೆಟ್ರೊ ಮಾರ್ಗ ಆರಂಭವಾದಾಗ, ಅದರ ಸುರಕ್ಷತಾ ತಂತ್ರಾಂಶಕ್ಕಾಗಿ ಸುಮಾರು 27,800 ಸಣ್ಣ ಪ್ರಮೇಯಗಳನ್ನು ಸಾಧಿಸಲಾಗಿತ್ತು. ಬಹುಪಾಲನ್ನು ಸಾಧಿಸಿದ್ದು ಗಣಕವೇ. ಆದರೆ ಸಾಧನೀಯವನ್ನೇ ತಪ್ಪಾಗಿ ಬರೆದುಕೊಂಡರೆ ಸಾಧನೆಯೆಲ್ಲ ವ್ಯರ್ಥ. ಪರೀಕ್ಷಾ ಕೊಠಡಿಯಲ್ಲಿ ಎಷ್ಟೋ ಮಕ್ಕಳಿಗೆ ಇದು ಅನುಭವವಾದದ್ದೇ.

ಬೇಕಾದ ಗುಣಗಳನ್ನು ಬರೆದುಕೊಟ್ಟರೆ ಮಂಡಲವನ್ನು ಯಂತ್ರವೇ ರಚಿಸಬಲ್ಲುದೇ? ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ 1957ರಲ್ಲಿ ಎತ್ತಿದ ಈ ಪ್ರಶ್ನೆಗೆ 1969ರಲ್ಲಿ ತಾತ್ವಿಕ ಉತ್ತರ ದೊರೆಯಿತು. ದೊಡ್ಡ ಮಂಡಲಗಳಿಗೆ ಅದನ್ನು ಒಗ್ಗಿಸುವ ಕೆಲಸ ಇನ್ನೂ ಬಾಕಿ. ಸಂಶೋಧಕರು ಬೇಕಾಗಿರುವುದು ಅಲ್ಲಿಯೇ.

ಇದಕ್ಕಾಗಿ ಕಡಲು ದಾಟಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಹಳಬರಿಗೆ ಅದು ಟಾಟಾ ಇನ್‌ಸ್ಟಿಟ್ಯೂಟ್) ಪ್ರೊ. ದೀಪಕ್ ಡಿಸೋಜ ಮತ್ತು ಸಂಗಡಿಗರು, ಪುಟ್ಟ ಉಪಕರಣಗಳಲ್ಲಿ ಬಳಕೆಯಾಗುವ ಫ್ರೀಆರ್‌ಟಿಒಎಸ್ ಎಂಬ ತಂತ್ರಾಂಶದಲ್ಲಿ ಯಾವ ಕೆಲಸ ಮೊದಲು ನಡೆಯಬೇಕೆಂದು ತೀರ್ಮಾನಿಸುವ ಭಾಗವನ್ನು ಹೀಗೆ ಸಾಧನೆಗೆ ಒಳಪಡಿಸಿ 2015ರಲ್ಲಿ ಪ್ರಕಟಿಸಿದರು. ಬಿ.ಇ. ಮುಗಿಸಿ ಗೇಟ್ ಪರೀಕ್ಷೆ, ಸಂದರ್ಶನಗಳನ್ನು ದಾಟಿದವರು ಅಲ್ಲಿ ಸಂಶೋಧನೆಗೆ ಸೇರಬಹುದು. ಗಣಿತವೇ ಪ್ರಿಯವಾದವರಿಗೆ ಪಿಯುಸಿ ಆದ ಕೂಡಲೇ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಬಿ.ಎಸ್ಸಿ. ಇದೆ, ಗಣಿತ, ಗಣಕ ವಿಜ್ಞಾನ ಎರಡೂ ಒಟ್ಟಿಗೆ. ಪ್ರವೇಶ ಪರೀಕ್ಷೆ ಮಾತ್ರ ಕಠಿಣ.

ಪಕ್ಕದ ಮನೆಯ ಹುಡುಗ ಇಪ್ಪತ್ತೆರಡಕ್ಕೇ ಸಂಬಳ ಎಣಿಸುವಾಗ ನಮ್ಮ ಮಗಳು ಇಪ್ಪತ್ತೇಳಕ್ಕೂ ವಿದ್ಯಾರ್ಥಿನಿಯೇ ಎಂಬ ತಾಯ್ತಂದೆಯರ ಆತಂಕ ಸುಳ್ಳಲ್ಲ. ಪಿಎಚ್.ಡಿ.ಗೆ ಐದು ವರ್ಷ ಸಾಮಾನ್ಯ. 2023ರ ಜನವರಿಯಿಂದ ಕೇಂದ್ರದ ಕಿರಿಯ ಸಂಶೋಧನಾ ವೇತನ ತಿಂಗಳಿಗೆ 37,000 ರೂ.; ಎರಡು ವರ್ಷದ ಬಳಿಕ ಹಿರಿಯ ಹಂತಕ್ಕೆ ಏರಿದರೆ 42,000. ಮನೆ ಸಾಲವಿರುವ ಸಂಸಾರಕ್ಕೆ ಇದು ಸಾಲದೆ ಹೋಗಬಹುದು. ಅದನ್ನು ಮಕ್ಕಳೆದುರು ಮುಚ್ಚಿಡದೆ ಮಾತಾಡುವುದೇ ಮೇಲು. ಓದು ಮುಗಿದ ಮೇಲೆ ಅಧ್ಯಾಪಕ ಹುದ್ದೆಯಲ್ಲದೆ ಚಿಪ್ ಕಂಪನಿಗಳ ವೆರಿಫಿಕೇಷನ್ ವಿಭಾಗಗಳಲ್ಲೂ ಕೆಲಸವಿದೆ.

ಮಗುವಿಗೆ ಇದು ಒಗ್ಗುತ್ತದೆಯೇ ಎಂದು ತಿಳಿಯಲು ಅಂಕಪಟ್ಟಿ ಸಾಲದು. ಒಂದು ಭಾನುವಾರ ಗೈಡು ಮುಚ್ಚಿಟ್ಟು, ಗೊತ್ತಿಲ್ಲದ ಪ್ರಮೇಯವೊಂದನ್ನು ಕೊಟ್ಟು ನೋಡಿ. ಉತ್ತರ ಸಿಗದಿದ್ದರೂ ಸಂಜೆಯವರೆಗೆ ಅದರ ಬೆನ್ನು ಬಿಡದಿದ್ದರೆ, ಚೆನ್ನೈ ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ತರಿಸಿಕೊಡಬಹುದು.