ಕಲ್ಲು ಬೆಂಗಳೂರಿಗೆ, ಗುಂಡಿ ಊರಿಗೆ

ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ಜೂಜುವಾಡಿ ಈಗ ತಮಿಳುನಾಡಿನ ಹೊಸೂರು ಮಹಾನಗರ ಪಾಲಿಕೆಯ ಭಾಗ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಇಲ್ಲಿಂದ ಬೆಂಗಳೂರಿನತ್ತ ಸಾಗುವ ವಾಹನಗಳ ನಡುವೆ ಜಲ್ಲಿ, ಎಂ-ಸ್ಯಾಂಡ್, ಸೈಜುಗಲ್ಲು ಹೊತ್ತ ಟಿಪ್ಪರ್‌ಗಳು ಸದಾ ಕಾಣಿಸುತ್ತವೆ. ಕೃಷ್ಣಗಿರಿ ಜಿಲ್ಲೆಯ ಬಂಡೆ ಪುಡಿಯಾಗಿ ಬೆಂಗಳೂರಿನ ಮೇಲ್ಸೇತುವೆ, ಅಪಾರ್ಟ್‌ಮೆಂಟುಗಳ ಕಾಂಕ್ರೀಟಿಗೆ ಸೇರುತ್ತದೆ. ಕಲ್ಲೇನೋ ಗಡಿ ದಾಟಿತು. ತೋಡಿದ ಗುಂಡಿ ಮಾತ್ರ ಊರವರ ಪಾಲಿಗೇ ಉಳಿಯಿತು. ಅದಕ್ಕೆ ಮುಂದೆ ಏನು ಗತಿ ಎಂಬುದನ್ನು ಮೊದಲ ಸಿಡಿಮದ್ದು ಇಡುವ ಮುಂಚೆಯೇ ತೀರ್ಮಾನಿಸದಿದ್ದರೆ ಆಮೇಲೆ ಕೇಳಲು ಯಾರೂ ಇರುವುದಿಲ್ಲ.

ಒಂದೇ ಬಂಡೆ, ಎರಡು ನಿಯಮ

1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಹೊಸೂರು ಸೇಲಂ ಜಿಲ್ಲೆಯಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಹೊಸದಾಗಿ ಹುಟ್ಟಿದ ಕೃಷ್ಣಗಿರಿಗೆ ಸೇರಿತು. ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುವ ಈ ಹಳ್ಳಿಗಳ ಕೆಳಗೂ ಆನೇಕಲ್ ಕಡೆಯ ಹಳ್ಳಿಗಳ ಕೆಳಗೂ ಇರುವುದು ಒಂದೇ ಕಲ್ಲು: ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ನೈಸ್ ಶಿಲೆ. ಕಟ್ಟಡದ ಕಲ್ಲು, ಗರಸು, ಮರಳುಗಳನ್ನು ಉಪಖನಿಜವೆಂದು ಕರೆದ 1957ರ ಗಣಿ ಕಾಯ್ದೆ, ಅವುಗಳ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. ತಮಿಳುನಾಡಿನದು 1959ರ ನಿಯಮಾವಳಿ, ಕರ್ನಾಟಕದ್ದು 1994ರದು.

ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗಳು ಬಹುಕಾಲ ಪರಿಸರ ಅನುಮತಿಯ ಗೊಡವೆಯಿಲ್ಲದೆ ನಡೆದವು. ಅದಕ್ಕೆ ತಡೆ ಬಿದ್ದದ್ದು 2012ರ ಫೆಬ್ರುವರಿ 27ರಂದು, ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದಿಂದ. ಈಗ ತಮಿಳುನಾಡಿನಲ್ಲಿ ಗುತ್ತಿಗೆ ಕೈಗೆ ಬರಬೇಕಾದರೆ ಮೊದಲು ಮೈನಿಂಗ್ ಪ್ಲಾನ್‌ಗೆ ಒಪ್ಪಿಗೆ, ನಂತರ ಪರಿಸರ ಅನುಮತಿ ಆಗಬೇಕು.

ಪ್ಲಾನ್ ಹೇಳುವ ಲೆಕ್ಕ

ಪ್ಲಾನ್ ಎಂದರೆ ಗುಂಡಿಯ ಆಕಾರದ ಲೆಕ್ಕ. ಮೇಲ್ಮಣ್ಣು ಎಷ್ಟು, ಗರಸು ಎಷ್ಟು, ಬಂಡೆ ಎಷ್ಟು, ಯಾವ ವರ್ಷ ಯಾವ ಮಟ್ಟಕ್ಕೆ ಇಳಿಯಬೇಕು, ಕೊನೆಗೆ ಏನು ಮಾಡಬೇಕು ಎಲ್ಲವೂ ನಕ್ಷೆಯಲ್ಲಿರುತ್ತದೆ. ಲೋಹೇತರ ಗಣಿಗಳಿಗೂ ಅನ್ವಯಿಸುವ 1961ರ ಸುರಕ್ಷತಾ ನಿಯಮದಂತೆ ಗರಸು, ಮಣ್ಣಿನ ಅಂಚು 45 ಡಿಗ್ರಿಗಿಂತ ಕಡಿದಾಗಿರುವಂತಿಲ್ಲ. ಇಂಥ ಸಡಿಲ ನೆಲದಲ್ಲಿ ಮೆಟ್ಟಿಲು ಮಾಡಿದರೆ ಎತ್ತರ 1.5 ಮೀಟರ್ ಮೀರುವಂತಿಲ್ಲ. ಪಕ್ಕದವರ ಗಡಿಯಿಂದ 7.5 ಮೀಟರ್ ಬಿಡಬೇಕು.

ನಿಯಮ ಮುರಿಯುವ ಆಸೆ ಎಲ್ಲಿಂದ ಬರುತ್ತದೆ ಎಂಬುದೂ ಈ ಲೆಕ್ಕದಲ್ಲೇ ಇದೆ. ನೂರು ಮೀಟರ್ ಅಗಲ, ಇನ್ನೂರು ಮೀಟರ್ ಉದ್ದದ, ಅಂದರೆ ಸುಮಾರು ಐದು ಎಕರೆ ಜಾಗ ಎಂದುಕೊಳ್ಳಿ. ಸುತ್ತ 7.5 ಮೀಟರ್ ಬಿಟ್ಟು 30 ಮೀಟರ್ ಆಳಕ್ಕೆ ಗೋಡೆಯಂತೆ ನೇರ ಸೀಳಿದರೆ 4,71,750 ಘನ ಮೀಟರ್ ಸಿಗುತ್ತದೆ. ಬಂಡೆಯಲ್ಲಿ ಐದು ಮೀಟರ್ ಎತ್ತರ, ಐದು ಮೀಟರ್ ಅಗಲದ ಮೆಟ್ಟಿಲು ಬಿಡುತ್ತ ಇಳಿದರೆ 2,96,750 ಮಾತ್ರ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕಲ್ಲು ಮೆಟ್ಟಿಲುಗಳಲ್ಲೇ ಉಳಿಯಿತು. ಗುತ್ತಿಗೆದಾರನಿಗೆ ಅದು ನಷ್ಟ. ಆದರೆ ಆ ಮೆಟ್ಟಿಲುಗಳಿಲ್ಲದ ಗುಂಡಿಗೆ ಬಿದ್ದ ಮಗುವಾಗಲಿ ದನವಾಗಲಿ ಮೇಲೆ ಬರುವ ದಾರಿಯೇ ಇಲ್ಲ. ಗಿಡ ನೆಡಲೂ ಅಲ್ಲಿ ನೆಲೆಯಿಲ್ಲ.

ತುಂಬಲು ಏನಿದೆ?

ಗರಸಿನ ಹೊಂಡವನ್ನು ಸರಿಪಡಿಸುವುದು ಕಷ್ಟವಲ್ಲ. ಅದು ಆಳವಿರುವುದಿಲ್ಲ, ಅಂಚನ್ನು ಇಳಿಜಾರು ಮಾಡಿ, ಮೊದಲೇ ಬೇರೆ ರಾಶಿ ಹಾಕಿದ ಮೇಲ್ಮಣ್ಣನ್ನು ಮರಳಿ ಹರಡಿ, ಹೊಂಗೆ, ಬೇವು, ಹುಣಸೆ ಕೂರಿಸಬಹುದು. ಮೇಲ್ಮಣ್ಣನ್ನು ಮೊದಲ ವರ್ಷವೇ ಮಾರಿಕೊಂಡಿದ್ದರೆ ಆ ಬಾಗಿಲು ಮುಚ್ಚಿತು. ಬಂಡೆ ಕ್ವಾರಿಯ ಕಷ್ಟ ಬೇರೆ. ತೆಗೆದ ಕಲ್ಲೆಲ್ಲ ಜಲ್ಲಿಯಾಗಿ, ಪುಡಿಯೂ ಎಂ-ಸ್ಯಾಂಡ್ ಆಗಿ ಹೊರಟುಹೋಗುವುದರಿಂದ ತಿರುಗಿ ತುಂಬಲು ಸ್ಥಳದಲ್ಲಿ ಏನೂ ಉಳಿಯುವುದಿಲ್ಲ.

ಖಾಲಿ ಗುಂಡಿಯ ಮೇಲೆ ನಗರದ ಕಣ್ಣು ಬೀಳುವುದು ಆಗಲೇ. ಬೆಂಗಳೂರಿನ ಉತ್ತರಕ್ಕೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹಳೆಯ ಕ್ವಾರಿಗಳಿಗೆ ನಗರದ ಕಸ ಸುರಿದರು. ಸುತ್ತಲಿನ ಹಳ್ಳಿಗಳು ದುರ್ನಾತ ಮತ್ತು ಕೊಳೆನೀರಿನ ವಿರುದ್ಧ ಬೀದಿಗಿಳಿದವು. ಚೆನ್ನೈ ಹೊರವಲಯದ ಸಿಕ್ಕರಾಯಪುರದ ಕಥೆ ಇದಕ್ಕೆ ವಿರುದ್ಧ. ಅಲ್ಲಿನ ಪಾಳುಬಿದ್ದ ಕ್ವಾರಿಗಳಲ್ಲಿ ನಿಂತಿದ್ದ ಮಳೆನೀರನ್ನು 2017ರ ಬರದಲ್ಲಿ ಶುದ್ಧೀಕರಿಸಿ ಮಹಾನಗರಕ್ಕೆ ಕುಡಿಯಲು ಕೊಟ್ಟರು. 2019ರಲ್ಲೂ ಅವೇ ನೆರವಿಗೆ ಬಂದವು. ಕೀನ್ಯಾದ ಮೊಂಬಾಸಾದಲ್ಲಿ ಸಿಮೆಂಟ್ ಕಾರ್ಖಾನೆಯ ಸುಣ್ಣಕಲ್ಲಿನ ಗಣಿಯಲ್ಲಿ ರೆನೆ ಹಾಲರ್ ಎಂಬವರು ಗಾಳಿಮರ ನೆಟ್ಟು, ಅದರ ಉದುರೆಲೆಯನ್ನು ಗೊಬ್ಬರ ಮಾಡಲು ಸಹಸ್ರಪದಿಗಳನ್ನು ಬಿಟ್ಟು, 1970ರ ದಶಕದಲ್ಲಿ ಕಾಡನ್ನೇ ಎಬ್ಬಿಸಿದರು.

ಹೊಸೂರಿನ ಒಣಸೀಮೆಗೆ ಒಪ್ಪುವುದು ನೀರಿನ ದಾರಿಯೇ. ಆದರೆ ಅದಕ್ಕೂ ಕಾಲುವೆ, ಹೂಳು ತಡೆಯುವ ತೊಟ್ಟಿ, ಬೇಲಿ, ಇಳಿಯುವ ದಾರಿ ಬೇಕು. ಇವನ್ನೆಲ್ಲ ಗಣಿ ನಡೆಯುತ್ತಿರುವಾಗಲೇ, ಯಂತ್ರ ಸ್ಥಳದಲ್ಲಿರುವಾಗಲೇ ಮಾಡಿಸಿದರೆ ಖರ್ಚು ಕಡಿಮೆ.

ಕೇಳುವ ಹಕ್ಕು

ಕಾನೂನು ಬರಿಗೈಯಲ್ಲಿಲ್ಲ. ಬಳ್ಳಾರಿಯ ಕಬ್ಬಿಣದ ಗಣಿಗಳನ್ನು 2011ರಲ್ಲಿ ನಿಲ್ಲಿಸಿದ ಸುಪ್ರೀಂ ಕೋರ್ಟ್, ಪ್ರತಿ ಗಣಿಗೂ ಪುನಶ್ಚೇತನ ಯೋಜನೆಯಾಗದೆ ಕೆಲಸ ಮರಳಿ ಶುರುವಾಗಬಾರದೆಂದಿತು. 2020ರ ಜನವರಿ 8ರಂದು ಅದೇ ಕೋರ್ಟ್, ಗಣಿ ಮುಗಿಸಿದವರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು ಮತ್ತು ಜೀವಿಗಳಿಗೆ ಯೋಗ್ಯವಾಗಿಸಬೇಕೆಂಬ ಷರತ್ತನ್ನು ಗುತ್ತಿಗೆಗಳಿಗೆ ಸೇರಿಸಲು ಸರ್ಕಾರಕ್ಕೆ ಹೇಳಿತು. ಕೊರತೆಯಿರುವುದು ಷರತ್ತನ್ನು ಬೆನ್ನುಹತ್ತುವವರದು. ಕಲ್ಲು ಬರಿದಾದ ಮೇಲೆ ಗುತ್ತಿಗೆದಾರನಿಗೆ ಆಸಕ್ತಿಯಿಲ್ಲ, ಇಲಾಖೆಗೆ ಆದಾಯವಿಲ್ಲ.

ಆದ್ದರಿಂದ ಊರವರು ಗುತ್ತಿಗೆಗೆ ಮುಂಚೆಯೇ ಮಾತಾಡಬೇಕು. ಅರ್ಜಿ ಮತ್ತು ಅನುಮತಿ ಪತ್ರಗಳು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. 500 ಮೀಟರ್ ಒಳಗಿನ ಕ್ವಾರಿಗಳನ್ನು ಒಟ್ಟುಗೂಡಿಸಿ ನೋಡುವ ನಿಯಮವಿದೆ. ವಿಸ್ತೀರ್ಣ ಮಿತಿ ದಾಟಿದರೆ ಸಾರ್ವಜನಿಕ ಅಹವಾಲು ನಡೆಯಲೇಬೇಕು. ಅಲ್ಲಿ ಮೂರು ಪ್ರಶ್ನೆ ಕೇಳಿ: ಮೇಲ್ಮಣ್ಣು ಎಲ್ಲಿಡುತ್ತೀರಿ? ಕೊನೆಯ ಮೆಟ್ಟಿಲು ಯಾವ ಆಳದಲ್ಲಿ ನಿಲ್ಲುತ್ತದೆ? ಗುಂಡಿ ಸರಿಪಡಿಸುವ ಹಣವನ್ನು ಇಂದೇ ಯಾರ ಹೆಸರಿನಲ್ಲಿ ಠೇವಣಿ ಇಡುತ್ತೀರಿ? ಮೂರಕ್ಕೂ ಬರಹದಲ್ಲಿ ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ.