ನಿಮಗಿದು ಗೊತ್ತೇ? ಮೊಲೆತೊಟ್ಟಿನ ಸುತ್ತ ಏಳುವ ಎಣ್ಣೆಗುಳ್ಳೆಗಳು

● ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಕಂಡರೆ ಗಾಬರಿ ಬೇಡ. ಅವು ರೋಗವಲ್ಲ, ಚರ್ಮಕ್ಕೆ ಜಿಡ್ಡು ಒದಗಿಸುವ ಎಣ್ಣೆಗ್ರಂಥಿಗಳು. ವೈದ್ಯರು ಇವನ್ನು ಮಾಂಟ್‌ಗೊಮರಿ ಗ್ರಂಥಿ ಎನ್ನುತ್ತಾರೆ.

● ಡಬ್ಲಿನ್ನಿನ ಹೆರಿಗೆ ವೈದ್ಯ ವಿಲಿಯಂ ಮಾಂಟ್‌ಗೊಮರಿ ಬಸುರಿನ ಲಕ್ಷಣಗಳ ಬಗ್ಗೆ 1837ರಲ್ಲಿ ಪುಸ್ತಕ ಬರೆದು ಇವನ್ನು ವರ್ಣಿಸಿದ. ಅದಕ್ಕೂ ನೂರು ವರ್ಷಕ್ಕಿಂತ ಮೊದಲೇ ಇಟಲಿಯ ಮೊರ್ಗಾನ್ಯಿ ಇವನ್ನು ಗುರುತಿಸಿದ್ದ. ಹೆಸರು ಮಾತ್ರ ಮಾಂಟ್‌ಗೊಮರಿಯ ಪಾಲಾಯಿತು.

● ತೊಟ್ಟು ಕಪ್ಪಾಗುವುದು ಬಸುರಿನ ಗುರುತೆಂದು ಸುಶ್ರುತ ಸಂಹಿತೆಯೂ ಹೇಳುತ್ತದೆ. ಆ ಕಪ್ಪಿನ ಜೊತೆಗೇ ಗುಳ್ಳೆಗಳೂ ಉಬ್ಬುತ್ತವೆ. ಎರಡಕ್ಕೂ ಕಾರಣ ಹಾರ್ಮೋನು.

● ಬಸುರಿಯಾಗದವರಲ್ಲೂ ಇವು ಕಾಣಿಸಬಹುದು. ಮೈನೆರೆದಾಗ, ಮುಟ್ಟಿನ ಆಸುಪಾಸು, ಚಳಿಗೆ ಮೈ ಜುಂ ಎಂದಾಗ ಎದ್ದು ಕಾಣುವುದುಂಟು. ಕೆಲವರಿಗೆ ಬೆರಳೆಣಿಕೆಯಷ್ಟು, ಕೆಲವರಿಗೆ 20 ದಾಟುತ್ತವೆ. ಎಡಬಲದ ಲೆಕ್ಕ ಹೊಂದಬೇಕೆಂದೇನಿಲ್ಲ.

● ಅಂಗೈ, ಅಂಗಾಲು ಬಿಟ್ಟರೆ ಮೈಯೆಲ್ಲಾ ಎಣ್ಣೆಗ್ರಂಥಿಗಳಿವೆ. ಗ್ರಂಥಿಯ ಜೀವಕೋಶ ಜಿಡ್ಡು ತುಂಬಿಕೊಂಡು ಕೊನೆಗೆ ತಾನೇ ಒಡೆದು ಎಣ್ಣೆಯಾಗುತ್ತದೆ!

● ಮಾಂಟ್‌ಗೊಮರಿ ಗ್ರಂಥಿಯಲ್ಲಿ ಎಣ್ಣೆಯ ಜೊತೆಗೆ ಪುಟ್ಟದೊಂದು ಹಾಲಿನ ನಾಳವೂ ಇರುತ್ತದೆ. ಬಾಣಂತಿಯ ಗುಳ್ಳೆಯ ತುದಿಯಲ್ಲಿ ಒಮ್ಮೊಮ್ಮೆ ಹಾಲಿನ ಹನಿ ಕಾಣುವುದು ಇದರಿಂದಲೇ.

● ಈ ಸ್ರಾವದ ವಾಸನೆ ಕೂಸಿಗೆ ದಾರಿ ತೋರುತ್ತದೆ. ಫ್ರಾನ್ಸಿನ ಸಂಶೋಧಕರು ಮೂರು ದಿನದ ಹಸುಗೂಸುಗಳ ಮೂಗಿನ ಬಳಿ ಇದನ್ನು ಹಿಡಿದಾಗ ಅವು ಬಾಯಿ ಆಡಿಸಿದವು, ಉಸಿರಾಟದ ಗತಿಯೂ ಬದಲಾಯಿತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಮೊದಲೇ ಮೊಲೆಹಾಲಿನ ರುಚಿ ಕಂಡಿರಬೇಕೆಂದೂ ಇಲ್ಲ.

● ಹಾಲುಣಿಸುವ ಮುಂಚೆ ಪ್ರತಿಸಲ ಸೋಪು ಹಚ್ಚಿ ತೊಳೆಯಬೇಕು ಎನ್ನುವವರು ಮನೆಯಲ್ಲಿದ್ದರೆ ಬೇಡವೆನ್ನಿ. ಸೋಪು ಈ ಜಿಡ್ಡನ್ನೂ ತೆಗೆದುಬಿಡುತ್ತದೆ, ತೊಟ್ಟು ಒಣಗಿ ಬಿರಿಯುತ್ತದೆ. ದಿನದ ಸ್ನಾನದ ನೀರೇ ಸಾಕು.

● ಗಂಡಸರಿಗೂ ಈ ಗ್ರಂಥಿಗಳಿವೆ. ಗಂಡಾಗಲಿ ಹೆಣ್ಣಾಗಲಿ, ಅಪರೂಪಕ್ಕೆ ಇಲ್ಲಿನ ಎಣ್ಣೆಗ್ರಂಥಿಗಳು ದೊಡ್ಡದಾಗಿ ಹಳದಿ ಛಾಯೆಯ ಗುಳ್ಳೆಗಳ ಗುಂಪಾಗುತ್ತವೆ. ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಿಗುವುದು ಹಿಗ್ಗಿದ ಎಣ್ಣೆಗ್ರಂಥಿಯೇ, ಕ್ಯಾನ್ಸರ್ ಅಲ್ಲ. ಔಷಧಿ ಬೇಕಿಲ್ಲ.

● ಮೊಡವೆಯೆಂದು ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಸೋಂಕು ತಗುಲಿ ಕೀವು ತುಂಬೀತು.

● ಒಂದೇ ಕಡೆಯ ತೊಟ್ಟು ಇಸುಬಿನಂತೆ ಕೆರೆದು, ಹಕ್ಕಳೆ ಕಟ್ಟಿ, ವಾರಗಟ್ಟಲೆ ಮಾಯದಿದ್ದರೆ ಮಾತು ಬೇರೆ. ಅದು 1874ರಲ್ಲಿ ಜೇಮ್ಸ್ ಪ್ಯಾಜೆಟ್ ವಿವರಿಸಿದ ಕ್ಯಾನ್ಸರ್ ಇದ್ದೀತು. ರಕ್ತ ಒಸರುವುದು, ಗಟ್ಟಿ ಗಂಟು, ಚರ್ಮ ಗುಳಿ ಬೀಳುವುದು, ನೆಟ್ಟಗಿದ್ದ ತೊಟ್ಟು ಒಳಸರಿಯುವುದು, ಇವು ಕಂಡರೂ ತಡಮಾಡಬಾರದು.

● ತಾಂಡವಪುರದವರಿಗೆ ಒಂದು ದಿಕ್ಕಿಗೆ ನಂಜನಗೂಡಿನ ಸರ್ಕಾರಿ ಆಸ್ಪತ್ರೆ, ಇನ್ನೊಂದು ದಿಕ್ಕಿಗೆ ಮೈಸೂರು. ಹಾಲುಣಿಸುವ ತೊಂದರೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಿದೆ. ಗಂಟು, ಮಾಯದ ಹುಣ್ಣಿಗೆ ಕೆ.ಆರ್. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗ. ನಾಚಿಕೆಯಿಂದ ಮುಚ್ಚಿಟ್ಟರೆ ಲಾಭ ಕಾಯಿಲೆಗೆ ಮಾತ್ರ.